ಮುಂದ್ಕೆ ಓದು, ಮಗ

ಕಳೆದ ವಾರ ಬೀರುವಿನ ಮೇಲಿಂದ ಹಳೆಯ ಬೈಬಲನ್ನು ಇಳಿಸಿದೆ. ಪ್ಲಾಸ್ಟಿಕ್ ಚೀಲ ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ, ನುಸಿಗುಳಿಗೆಗೂ ಹೋಗದೆ ಉಳಿದಿದ್ದ ಇನ್ನೊಂದು ಸಣ್ಣ ವಾಸನೆ. ಕೊಳ್ಳೇಗಾಲದಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಿಲ್ಲ. ಬೇರೆಯವರಿಗೆ ಎಷ್ಟು ವಿವರಿಸಿದರೂ ತಿಳಿಯುವುದಿಲ್ಲ. ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನ ವಾಸನೆ ಅದು. ಪುಸ್ತಕದ ಹಿಂಭಾಗದಲ್ಲಿ, ಒಂದು ಹಾಳೆಯ ನಡುವೆ, ಗೇಣುದ್ದದ ಹಳದಿ ರೇಷ್ಮೆ ಎಳೆಗಳ ಹುರಿ ಇಟ್ಟಲ್ಲೇ ಇತ್ತು. ಇಪ್ಪತ್ತೆರಡು ವರ್ಷದಿಂದ ಆ ಜಾಗವನ್ನು ನಾನು ಬಿಚ್ಚಿರಲಿಲ್ಲ. ಅವತ್ತೂ ಬಿಚ್ಚಲಿಲ್ಲ. ದಾರದ ತುದಿ ನೋಡಿ ಪುಸ್ತಕ ಮುಚ್ಚಿದೆ.

ಇಳಿಸಲು ಕಾರಣ ಯಳಂದೂರಿನಿಂದ ಬಂದ ಫೋನು. ಮಾಡಿದವಳು ಶೀಲಾ, ನನ್ನ ದೊಡ್ಡವ್ವನ ಮಗಳು. “ಅಣ್ಣ, ಗುರುವಾರ ಮಗಳ ನಿಶ್ಚಿತಾರ್ಥ ಮಡಗಿದೀನಿ. ವಾಕ್ಯ ನೀನೇ ಓದ್ಬೇಕು. ಆ ಹಳೇ ಬೈಬಲ್ನೇ ತಕಂಡ್ ಬಾ,” ಎಂದಳು. ಯಾವ ಭಾಗ ಓದಲಿ ಎಂದು ಕೇಳಿದೆ. ಕೇಳಬಾರದಿತ್ತು. “ನಿಂಗೇ ಗೊತ್ತಲ್ಲಣ್ಣ,” ಎಂದವಳು ಫೋನು ಇಟ್ಟಳು.

ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ದಾರದ ಜಾಗ ಬಿಚ್ಚದೆ ಪುಸ್ತಕ ಮುಚ್ಚಿದ್ದು.

ನಾನು ಯಾರು ಎಂದು ಮೊದಲು ಹೇಳಿಬಿಡುತ್ತೇನೆ; ಹೇಳದಿದ್ದರೆ ನನ್ನ ತಪ್ಪಿನ ಅಳತೆ ನಿಮಗೆ ಸಿಗುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ, ಈಗ ನಿವೃತ್ತ. ಮೂವತ್ತು ವರ್ಷ ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆಗೆ ಬೈಬಲ್ ಓದಿದವನು. ನನ್ನ ಗಂಟಲು ಚೆನ್ನಾಗಿದೆ. ಇದನ್ನು ನಾನು ಹೇಳುವುದಕ್ಕಿಂತ ಮೊದಲೇ ಬಹಳ ಜನ ಹೇಳಿ ನನ್ನನ್ನು ಕೆಡಿಸಿದ್ದರು. ಬಾಯಿಗೆ ಬಾರದ ಹಳೆಯ ಅರಸರ ಹೆಸರುಗಳನ್ನು ಶನಿವಾರವೇ ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಕನ್ನಡಕ ತೆಗೆದು ಜನರತ್ತ ನೋಡಬೇಕು ಎಂಬುದಕ್ಕೆ ಪೆನ್ಸಿಲ್ ಗುರುತುಗಳಿದ್ದವು. ನಾನು ಓದತೊಡಗಿದರೆ ಮೇಲಿನ ಫ್ಯಾನು ಕೂಡ ಸದ್ದು ಅಡಗಿಸುತ್ತದೆ ಎಂದು ನಂಬಿದ್ದೆ. ಓದಿದ್ದು ನನಗೆ ಕೇಳಿಸುತ್ತಿತ್ತೇ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ನನ್ನ ದನಿ ನನಗೆ ಕೇಳಿಸುತ್ತಿತ್ತು, ಅಷ್ಟೇ ಸಾಕೆಂದುಕೊಂಡಿದ್ದೆ.

ವಿಚಾರಿಸಿದವಳು ಒಬ್ಬಳೇ, ನನ್ನ ತಾಯಿಯ ಅಕ್ಕ ಎಸ್ತರ ದೊಡ್ಡವ್ವ. ಅಕ್ಷರ ಬಾರದವಳು. ಗಂಡ ತೀರಿಕೊಂಡ ಮೇಲೆ ಕೊಳ್ಳೇಗಾಲದ ರೇಷ್ಮೆ ಬಿಚ್ಚುವ ಮನೆಯೊಂದರಲ್ಲಿ ದುಡಿದು ಒಬ್ಬಳೇ ಮಗಳನ್ನು ಸಾಕಿದಳು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನನ್ನ ತಲೆ ಸವರಿದರೆ ಕೂದಲಿಗೂ ಆ ವಾಸನೆ ಹತ್ತುತ್ತಿತ್ತು.

ಸಂಜೆ ಕೆಲಸ ಬಿಟ್ಟು ಬಂದವಳು ನನ್ನನ್ನು ಕೂರಿಸಿಕೊಂಡು ಬೈಬಲ್ ಓದಿಸುತ್ತಿದ್ದಳು. ಕೇಳುವಾಗ ಕಣ್ಣು ಮುಚ್ಚುತ್ತಿರಲಿಲ್ಲ, ಕೈ ಮುಗಿಯುತ್ತಿರಲಿಲ್ಲ. ಪಕ್ಕದ ಮನೆಯ ವ್ಯಾಜ್ಯ ಕೇಳುವವರಂತೆ ಮುಂದಕ್ಕೆ ಬಾಗಿ ಕೂರುತ್ತಿದ್ದಳು. “ಇದು ಯಾರ್ ಯಾರ್ಗೆ ಏಳಿದ್ದು?” ಎನ್ನುತ್ತಿದ್ದಳು. “ಅದ್ಕ್ ಮುಂಚೆ ಏನಾಗಿತ್ತು?” ಎನ್ನುತ್ತಿದ್ದಳು. ಸಾಕೆನಿಸಿ ನಾನು ಪುಸ್ತಕ ಮುಚ್ಚಲು ಹೋದರೆ ಒಂದು ಬೆರಳನ್ನು ಹಾಳೆಯ ಮೇಲಿಡುತ್ತಿದ್ದಳು. “ಮುಂದ್ಕೆ ಓದು, ಮಗ.” ಒಮ್ಮೆ ರೇಗಿ ಕೇಳಿದೆ, “ಎಲ್ಲಿಗಂಟ ದೊಡ್ಡವ್ವ?” ಅವಳು ನಕ್ಕಳು. “ಗೂಡು ಬಿಚ್ಚೋವಾಗ ಎಳೆ ನಡ್ವೆ ಕಡಿದ್ರೆ ನಮ್ ಯಜಮಾನ್ರು ಬಯ್ತಾರೆ ಕನ. ಇದ್ರ ಯಜಮಾನ್ರು ಬಯ್ಯಕಿಲ್ವಾ?”

ಹೊಸ ವರ್ಷದ ಆರಾಧನೆಯ ದಿನ ನಮ್ಮಲ್ಲಿ ಒಂದು ವಾಡಿಕೆಯಿದೆ. ಒಂದೊಂದು ವಾಕ್ಯ ಬರೆದ ಚೀಟಿಗಳನ್ನು ತಟ್ಟೆಯಲ್ಲಿ ಹರಡಿ ಹಿಡಿಯುತ್ತಾರೆ. ಪ್ರಾರ್ಥನೆ ಮಾಡಿ ಒಂದನ್ನು ಎತ್ತಿಕೊಳ್ಳಬೇಕು. ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ವಾಗ್ದಾನ ಅದು. ಮನೆಗೆ ಒಯ್ದು ಗೋಡೆಗೆ ಅಂಟಿಸುವವರುಂಟು, ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಡುವವರುಂಟು. ಚೀಟಿ ಮನಸ್ಸಿಗೆ ಹಿಡಿಸದೆ, ಯಾರೂ ನೋಡದಾಗ ಇನ್ನೊಂದನ್ನು ಎತ್ತಿದವರೂ ಉಂಟು. ಆ ಕಳ್ಳರಲ್ಲಿ ನಾನೂ ಒಬ್ಬ. ದೊಡ್ಡವ್ವನಿಗೆ ಒಂದು ವರ್ಷ ಎಲ್ಲರೂ ಆಸೆಪಡುವ ಚೀಟಿ ಬಂತು: ನಿಮಗೆ ಕೇಡಲ್ಲ, ಒಳ್ಳೆಯದನ್ನೇ ಯೋಚಿಸಿಟ್ಟಿದ್ದೇನೆ ಎಂದು ದೇವರು ಹೇಳುವ ಮಾತು. ಸುತ್ತಲಿನವರು ಹೊಟ್ಟೆಕಿಚ್ಚಿನಿಂದ ನೋಡಿದರು. ಇವಳಿಗೆ ಸಮಾಧಾನವಿಲ್ಲ. “ಇದೊಂದು ತುಣುಕು. ಇದ್ರ ಹಿಂದುಮುಂದು ಓದು,” ಎಂದು ಪ್ರಾಣ ತಿಂದಳು. ಓದಿದೆ. ಆ ಮಾತು ಸೆರೆಯಾಗಿ ದೂರದೇಶದಲ್ಲಿದ್ದ ಜನರಿಗೆ ಹೇಳಿದ್ದು. ಅದಕ್ಕೆ ಮುಂಚಿನ ಸಾಲಿನಲ್ಲೇ, ಎಪ್ಪತ್ತು ವರ್ಷ ಅಲ್ಲೇ ಕಾಯಬೇಕು ಎಂದಿದೆ. ದೊಡ್ಡವ್ವ ತೊಡೆ ತಟ್ಟಿಕೊಂಡು ನಕ್ಕಳು. “ಎಪ್ಪತ್ ವರ್ಸನಾ! ನಂಗೀಗ್ಲೇ ಅರವತ್ತಾಯ್ತಲ್ಲಪ್ಪ!” ಆಮೇಲೆ ಕಣ್ಣೊರೆಸಿಕೊಂಡು, “ಆಗ್ಲಿ ಬುಡು. ಕಾಯೋರ್ಗೆ ಏಳಿದ್ದು ಅಂತ ಗೊತ್ತಾಯ್ತಲ್ಲ. ಬರೀ ಚೀಟಿ ನೋಡಿದ್ರೆ ನಾಳೀಕೇ ಸಿಕ್ತದೆ ಅಂದ್ಕಂಡು ಕೂತಿರ್ತಿದ್ದೆ,” ಎಂದಳು.

ನನಗೆ ಆಗ ಇದೆಲ್ಲ ಕಿರಿಕಿರಿಯಾಗಿತ್ತು. ಸಭೆಯಲ್ಲಿ ಇಷ್ಟು ಗಂಭೀರವಾಗಿ ಓದಿ ಕೆಳಗಿಳಿದರೆ, ಮೂರನೇ ಬೆಂಚಿನಿಂದ ದೊಡ್ಡವ್ವ ನಾಲ್ಕು ಜನರ ಮುಂದೆ, “ಅಲ್ ಯಾಕ್ಲಾ ನಿಲ್ಲಿಸ್ದೆ?” ಎಂದು ಕೇಳುತ್ತಿದ್ದಳು. ಮೇಷ್ಟ್ರಿಗೆ ಪಾಠ ಹೇಳುವಷ್ಟು ಬುದ್ಧಿವಂತೆಯೇ ಇವಳು ಎಂದು ಒಳಗೊಳಗೇ ಉರಿಯುತ್ತಿದ್ದೆ.

ಶೀಲಾಳನ್ನು ಕೊಟ್ಟದ್ದು ನಮ್ಮ ಸಭೆಯ ಹಿರಿಯರಾದ ಸಾಮುವೇಲಯ್ಯನವರ ಮಗ ಸುಂದರನಿಗೆ. ಊರು ರಾಮಾಪುರವಾದರೂ ಸಾಮುವೇಲಯ್ಯನವರು ಪ್ರತಿ ಭಾನುವಾರ ಬಿಳಿ ಷರಟು ತೊಟ್ಟು ಕೊಳ್ಳೇಗಾಲಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ನನ್ನ ಗಂಟಲನ್ನು ಮೊದಲು ಮೆಚ್ಚಿ ಓದುವ ಪೀಠಕ್ಕೆ ನನ್ನನ್ನು ಹತ್ತಿಸಿದವರು ಅವರೇ. ಅವರು ತಲೆದೂಗಿದರೆ ನನ್ನ ಇಡೀ ವಾರ ಬೆಳಗುತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ನಿಜ.

ಮದುವೆಯಾದ ಎರಡನೇ ವರ್ಷ ಶೀಲಾ ಕೈಗೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಕೆನ್ನೆಯ ಮೇಲೆ ಬೆರಳಚ್ಚು. ಬೆನ್ನಿನ ಮೇಲೆ ಏನಿತ್ತೋ, ದೊಡ್ಡವ್ವ ನೋಡಿ ರವಿಕೆ ಇಳಿಬಿಟ್ಟು ನೀರು ಕಾಯಿಸಲು ಹೋದಳು. ವಾರ ಕಳೆಯುವಷ್ಟರಲ್ಲಿ ಸಾಮುವೇಲಯ್ಯನವರು ನಮ್ಮ ಮನೆಗೆ ಬಂದರು. “ಪೋಲೀಸು, ಪಂಚಾಯ್ತಿ ಅಂತ ಓಗೋದು ನಮ್ಗೆ ಸೋಬೆಯಲ್ಲ ಮೇಷ್ಟ್ರೆ. ನಮ್ಮನೇಲಿ ಪ್ರಾರ್ಥನೆ ಇಟ್ಕಳವ. ನೀವ್ ಬಂದು ವಾಕ್ಯ ಓದಿ. ವಾಕ್ಯಕ್ಕಿಂತ ದೊಡ್ ಪಂಚಾಯ್ತಿ ಯಾವ್ದದೆ?” ಎಂದರು. ಯಾವ ಭಾಗ ಓದಬೇಕೆಂಬುದನ್ನೂ ಅವರೇ ಸೂಚಿಸಿದರು. ನಾನು ಉಬ್ಬಿಹೋದೆ.

ರಾಮಾಪುರದ ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ನಡುಮನೆಯಲ್ಲಿ ಚಾಪೆ ಹಾಸಿದ್ದರು. ಸಾಮುವೇಲಯ್ಯನವರು ಕುರ್ಚಿಯಲ್ಲಿ, ಪಕ್ಕದಲ್ಲಿ ಸುಂದರ ತಲೆ ಬಾಚಿಕೊಂಡು ಮದುವೆಗೆ ಬಂದವನಂತೆ ಕೂತಿದ್ದ. ಶೀಲಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ, ದೊಡ್ಡವ್ವ ಅವಳನ್ನು ಒತ್ತಿಕೊಂಡು. ನಾನು ಗಂಟಲು ಸರಿಮಾಡಿಕೊಂಡು ಅಪೊಸ್ತಲನ ಪತ್ರದಿಂದ ಓದಿದೆ. ಹೆಂಡತಿಯಾದವಳು ಗಂಡನಿಗೆ ತಗ್ಗಿ ನಡೆಯಬೇಕೆಂಬ ಭಾಗ. ಎರಡು ಮೂರು ಸಾಲು. ದನಿ ತಗ್ಗಿಸುವಲ್ಲಿ ತಗ್ಗಿಸಿದೆ. ಕನ್ನಡಕ ತೆಗೆದು ನೋಡುವಲ್ಲಿ ಶೀಲಾಳತ್ತ ನೋಡಿದೆ. ಅವಳ ತಲೆ ಇಷ್ಟಿಷ್ಟೇ ಬಾಗುತ್ತಾ ಹೋಗಿ ಮಗುವಿನ ನೆತ್ತಿಗೆ ಮುಟ್ಟಿತು. ನನ್ನ ಓದು ನಾಟಿತು ಎಂದುಕೊಂಡೆ.

ಅಲ್ಲಿಗೆ ನಿಲ್ಲಿಸಿದೆ.

“ಮುಂದ್ಕೆ ಓದು, ಮಗ,” ಎಂದಳು ದೊಡ್ಡವ್ವ.

ಮುಂದೇನಿದೆ ಎಂದು ನನಗೆ ತಿಳಿಯದೇ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ತಿಳಿಯದೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮುಂದಿರುವುದು ಗಂಡನಿಗೆ ಹೇಳಿದ ಮಾತು, ಹೆಂಡತಿಗೆ ಹೇಳಿದ್ದರ ಮೂರರಷ್ಟು ಉದ್ದ. ಕ್ರಿಸ್ತನು ತನ್ನ ಜನಕ್ಕಾಗಿ ತನ್ನನ್ನೇ ಕೊಟ್ಟುಕೊಂಡ ಹಾಗೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕು. ಅವಳು ಅವನ ಸ್ವಂತ ಮೈ, ತನ್ನ ಮೈಯನ್ನು ಯಾರೂ ದ್ವೇಷಿಸುವುದಿಲ್ಲ, ಉಣಿಸಿ ಕಾಪಾಡುತ್ತಾರೆ ಎಂದು ಅಲ್ಲಿದೆ. ನಾನು ಓದಲು ತೊಡಗಿದ್ದಕ್ಕೆ ಒಂದು ಸಾಲು ಹಿಂದೆ, ನೀವೆಲ್ಲ ಒಬ್ಬರಿಗೊಬ್ಬರು ತಗ್ಗಿರಿ ಎಂದೂ ಇದೆ. ಒಂದು ಸಾಲು ತಡವಾಗಿ ಶುರುಮಾಡಿ, ಮುಕ್ಕಾಲು ಭಾಗ ಬಾಕಿಯಿರುವಾಗ ನಿಲ್ಲಿಸಿದ್ದೆ. ಬೆನ್ನಿನ ಮೇಲೆ ಬಾಸುಂಡೆ ಎಬ್ಬಿಸಿದವನು ಎದುರಿಗೇ ಕೂತಿದ್ದ. ಅವನಿಗೆ ಓದಬೇಕಾದ್ದು ನನ್ನ ಹೆಬ್ಬೆರಳ ಕೆಳಗೇ ಇತ್ತು.

ಸಾಮುವೇಲಯ್ಯನವರ ಮುಖ ನೋಡಿದೆ. ಅವರು ಸಿಟ್ಟಾಗಿರಲಿಲ್ಲ. ಸುಮ್ಮನೆ ತಲೆದೂಗಿದರು, ಭಾನುವಾರದ ಹಾಗೆಯೇ. ಅಷ್ಟು ಸಾಕಾಯಿತು. “ಬಸ್ಸಿಗೆ ಹೊತ್ತಾಯ್ತು ದೊಡ್ಡವ್ವ,” ಎಂದು ಪುಸ್ತಕ ಮುಚ್ಚಿದೆ.

ಪ್ರಾರ್ಥನೆಯಾಯಿತು, ಕಾಫಿಯಾಯಿತು, ಶೀಲಾ ಅಲ್ಲೇ ಉಳಿದಳು. ನಾನೂ ದೊಡ್ಡವ್ವನೂ ಬಸ್ ನಿಲ್ದಾಣಕ್ಕೆ ನಡೆದೆವು. ಹೊತ್ತಾಯ್ತು ಎಂದು ನಾನು ಹೇಳಿದ ಬಸ್ಸು ನಲವತ್ತು ನಿಮಿಷ ಬರಲಿಲ್ಲ. ನಿಂತಲ್ಲಿಂದ ಆ ಮನೆಯ ಮಹಡಿ ಕಾಣುತ್ತಿತ್ತು. ವಾಪಸು ಹೋಗಲು ಐದು ನಿಮಿಷ, ಉಳಿದದ್ದನ್ನು ಓದಲು ಎರಡು ನಿಮಿಷ. ನಾನು ಹನೂರಿನ ಕಡೆಯ ರಸ್ತೆಯನ್ನೇ ನೋಡುತ್ತಾ ನಿಂತೆ. ದೊಡ್ಡವ್ವ ಬಯ್ಯಲಿಲ್ಲ. ಬಹಳ ಹೊತ್ತಿನ ಮೇಲೆ ಎಲೆಅಡಿಕೆ ಚೀಲಕ್ಕೆ ಕೈಹಾಕಿ, ಚೀಲದ ಬಾಯಿ ಕಟ್ಟುತ್ತಿದ್ದ ಹಳದಿ ರೇಷ್ಮೆ ಹುರಿಯನ್ನು ಬಿಚ್ಚಿ ನನ್ನ ಕೈಗಿಟ್ಟಳು.

“ನೀ ನಿಲ್ಲಿಸ್ದಲ್ಲ, ಅಲ್ಲಿಕ್ಕು ಇದ.”

“ಯಾಕೆ ದೊಡ್ಡವ್ವ?”

“ಮುಂದ್ಕೆ ಓದ್ಬೇಕು ಅಂತ ನಿಂಗೇ ಅನ್ನಿಸ್ದಾಗ ಹುಡುಕ್ಬಾರ್ದು ನೋಡು.”

ಮೂರು ತಿಂಗಳಲ್ಲಿ ಶೀಲಾ ಮುರಿದ ಎಡಗೈಯೊಂದಿಗೆ, ಮಗುವಿನೊಂದಿಗೆ ಆ ಮನೆ ಬಿಟ್ಟಳು. ಕೊಳ್ಳೇಗಾಲಕ್ಕೆ ಬರಲಿಲ್ಲ, ಯಳಂದೂರಿನ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಹಿಡಿದಳು. ದೊಡ್ಡವ್ವನೂ ಅಲ್ಲಿಗೇ ಹೋದಳು. ನಾನು ಹಳೆಯ ಬೈಬಲನ್ನು ಕಟ್ಟಿ ಬೀರುವಿನ ಮೇಲಿಟ್ಟು, ದಪ್ಪ ಅಕ್ಷರದ ಹೊಸದನ್ನು ಕೊಂಡೆ. ಕಣ್ಣು ಮಂಜಾಗಿದೆ ಎಂದು ಹೆಂಡತಿಗೆ ಹೇಳಿದೆ. ಭಾನುವಾರದ ಓದು ನಿಲ್ಲಲಿಲ್ಲ. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ ನೋಡಿ.

ದೊಡ್ಡವ್ವ ಹಾಸಿಗೆ ಹಿಡಿದಾಗ ಒಮ್ಮೆ ಹೋಗಿದ್ದೆ. “ಏನಾದ್ರೂ ಓದಲಾ?” ಎಂದೆ. “ಓದು, ಮಗ,” ಎಂದು ನನ್ನ ಕೈಯಲ್ಲಿದ್ದ ಹೊಸ ಪುಸ್ತಕವನ್ನು ಒಂದು ಗಳಿಗೆ ನೋಡಿದಳು. ದಾರವಿಲ್ಲದ ಪುಸ್ತಕ. ನಾನು ದೇವರೇ ನನ್ನ ಕುರುಬ ಎನ್ನುವ ಕೀರ್ತನೆ ಓದಿದೆ. ಕಾಯಿಲೆಯವರ ಬಳಿ ಎಲ್ಲರೂ ಓದುವಂಥದ್ದು, ಯಾರಿಗೂ ನೋವಾಗದಂಥದ್ದು. ಮುಗಿದಾಗ ದೊಡ್ಡವ್ವ, “ಚೆನ್ನಾಗ್ ಓದ್ದೆ,” ಎಂದಳು. ಮುಂದ್ಕೆ ಎನ್ನಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳು ನನ್ನನ್ನು ಹೊಗಳಿದಳೆಂದು ಹಿಗ್ಗಿ ಬಸ್ಸು ಹತ್ತಿದವನು ನಾನು. ಸಂತೇಮರಹಳ್ಳಿ ಕಡೆಯಿಂದ ಬಂದವರ್ಯಾರೋ ಪಕ್ಕದಲ್ಲಿ ಕೂತಿದ್ದರು, ಅವರಿಗೂ ಹೇಳಿಕೊಂಡೆ. ಅವಳು ನನ್ನಲ್ಲಿ ಕೇಳುವುದನ್ನು ಬಿಟ್ಟಿದ್ದಳು ಎಂದು ಹೊಳೆದದ್ದು ಅವಳನ್ನು ಮಣ್ಣು ಮಾಡಿದ ಮೇಲೆ.

ಈಗ ಗುರುವಾರಕ್ಕೆ ಬರುತ್ತೇನೆ.

ಶೀಲಾಳ ಮನೆಯಲ್ಲಿ ನಿಶ್ಚಿತಾರ್ಥಕ್ಕೆ ಮೂವತ್ತು ಜನ ಸೇರಿದ್ದರು. ಗಂಡು ಅಜ್ಜೀಪುರದ ಕಡೆಯವನು, ಮೆತ್ತಗಿನ ಹುಡುಗ. ನಾನು ನೇರ ಅಡುಗೆಮನೆಗೆ ಹೋದೆ. ಶೀಲಾ ಪಾಯಸ ತಿರುವುತ್ತಿದ್ದಳು. ಅವಳ ಎಡಮೊಣಕೈ ಇಂದಿಗೂ ಪೂರ್ತಿ ಚಾಚುವುದಿಲ್ಲ, ಸೌಟು ಬಲಗೈಯಲ್ಲೇ. 

“ಅವತ್ತು ಬಸ್ಸಿಗೆ ಹೊತ್ತಾಗಿರಲಿಲ್ಲ ಶೀಲಾ,” ಎಂದೆ.

ಅವಳು ಸೌಟು ನಿಲ್ಲಿಸಲಿಲ್ಲ. “ಗೊತ್ತು ಕನಣ್ಣ. ಬಟ್ಟೆ ತೆಗೆಯಕ್ಕೆ ಅಂತ ಮಹಡಿ ಮೇಲ್ ಬಂದಿದ್ದೆ. ನೀನೂ ಅವ್ವನೂ ನಿಂತಿದ್ದು ಕಾಣ್ತಿತ್ತು. ಬಸ್ ಬರೋಗಂಟ ನೋಡ್ದೆ. ನೀ ತಿರುಗ್ ಬತ್ತೀಯ ಅಂದ್ಕಂಡಿದ್ದೆ.”

“ಬೇರೆ ಯಾರಾದ್ರೂ ಓದ್ಲಿ, ನನ್ನ ಬಾಯಿಗೆ ಆ ಯೋಗ್ಯತೆ ಇಲ್ಲ,” ಎಂದೆ.

“ಬ್ಯಾಡ. ಅವತ್ತು ಮುಚ್ಚಿದ್ ಬಾಯ್ನಲ್ಲೇ ಕೇಳ್ಬೇಕು ನಂಗೆ. ನಡಿ, ಪಾದ್ರಿ ಅಯ್ನೋರು ಕಾಯ್ತಾವ್ರೆ.”

ಓದಿದೆ. ದಾರವಿದ್ದ ಹಾಳೆ ಬಿಚ್ಚಿ, ಒಂದು ಸಾಲು ಹಿಂದಿನಿಂದ ಶುರುಮಾಡಿದೆ. ಕನ್ನಡಕ ತೆಗೆದು ಯಾರತ್ತಲೂ ನೋಡಲಿಲ್ಲ. ನೋಡುವ ಧೈರ್ಯವೇ ಇರಲಿಲ್ಲ. ನನ್ನ ಮೆಚ್ಚಿನ ಗಂಟಲು ಎರಡು ಕಡೆ ಒಡೆಯಿತು. ಯಾರೂ ಗಮನಿಸಲಿಲ್ಲವೆಂದು ಕಾಣುತ್ತದೆ. ಒಬ್ಬರು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು, ಒಂದು ಮಗು ಲಾಡು ಕೇಳುತ್ತಿತ್ತು. ಶೀಲಾ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ, ಅವಳ ತಾಯಿ ಕೂರುತ್ತಿದ್ದ ಹಾಗೆಯೇ ಸ್ವಲ್ಪ ಮುಂದಕ್ಕೆ ಬಾಗಿ ನಿಂತಿದ್ದಳು. ಕೊನೆಯ ಸಾಲಾದ ಮೇಲೆ ಅವಳು ಗೋಡೆಯ ಗಡಿಯಾರ ನೋಡಿದಳು; ಎರಡು ನಿಮಿಷವಾಗಿತ್ತು.

“ಇಷ್ಟೇನಾ?” ಎಂದಳು ಮೆಲ್ಲಗೆ, ನನ್ನೊಬ್ಬನಿಗೇ ಕೇಳುವಂತೆ. ತಟ್ಟೆ ಹಂಚಲು ಹೋದಳು.

ಊಟ ಮಾಡಿದೆ. ಹುಡುಗ ಹುಡುಗಿ ಕಾಲಿಗೆ ಬಿದ್ದರು, ಆಶೀರ್ವಾದ ಮಾಡಿದೆ. ಪಾದ್ರಿ ಅಯ್ಯನವರು ನನ್ನ ಓದನ್ನು ಹೊಗಳಿದರು. ಎಲ್ಲ ಮುಗಿಯಿತು, ಸಾಲ ತೀರಿತು ಎನ್ನುವ ಹಗುರ ನನಗೆ ಬರತೊಡಗಿತ್ತು. ನಾಚಿಕೆಗೆಟ್ಟ ಹಗುರ. ಶೀಲಾ ಪಾತ್ರೆಗಳ ನಡುವೆ ಕೂತಿದ್ದಳು. ಬಾಗಿಲಿನಿಂದಲೇ, “ಬಸ್ಸಿಗೆ ಹೊತ್ತಾಯ್ತು, ಬರ್ತೀನಮ್ಮ,” ಎಂದು ಹೊರಟೆ.

ಯಳಂದೂರು ಬಸ್ ನಿಲ್ದಾಣ ಮುಟ್ಟಿದ ಮೇಲೆ ನಾನು ಆಡಿದ ಮಾತು ನನ್ನ ಕಿವಿಗೆ ಬಿತ್ತು. ಅದೇ ಮಾತು, ಅದೇ ದನಿ, ಕಂಕುಳಲ್ಲಿ ಅದೇ ಪುಸ್ತಕ. ಅವಳ “ಇಷ್ಟೇನಾ”ಗೆ ನಾನು ಉತ್ತರ ಕೊಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ, ಅಲ್ಲಿ ನಿನಗೇನಾಯಿತು ಎಂದು ಅವಳನ್ನು ಕೇಳಿರಲಿಲ್ಲ. ವಾಕ್ಯ ಓದಿ ಮುಗಿಸಿದ್ದೆ, ಕೇಳುವುದು ಇನ್ನೂ ಶುರುವಾಗಿರಲಿಲ್ಲ. ಕೊಳ್ಳೇಗಾಲದ ಬಸ್ಸು ಈ ಸಲ ಹೇಳಿದ ಹೊತ್ತಿಗೇ ಬಂದು ನಿಂತಿತು. ಕಂಡಕ್ಟರು, “ಅತ್ತಿ ಸಾ, ಅತ್ತಿ, ಸೀಟದೆ,” ಎಂದ. ಕೈಯಾಡಿಸಿ ಬಸ್ಸು ಬಿಟ್ಟೆ.

ಶೀಲಾ ಹಿತ್ತಲಿನ ಕಲ್ಲಿನ ಮೇಲೆ ಪಾತ್ರೆ ಬೆಳಗುತ್ತಿದ್ದಳು. ನನ್ನನ್ನು ಕಂಡು ಎದ್ದಳು. “ಬಸ್ ತಪ್ಪೋಯ್ತಾ ಅಣ್ಣ?”

“ಇಲ್ಲ, ಬಂತು. ತಿರುಗಿ ಬಂದೆ.”

 ಅವಳು ಒಂದು ಮಣೆ ಒದೆದು ನನ್ನ ಕಡೆಗೆ ನೂಕಿದಳು. ಕೂತೆ. ಬೂದಿ ಕೈಯಲ್ಲೇ ಅವಳು ಹೇಳತೊಡಗಿದಳು. ಆ ಪ್ರಾರ್ಥನೆಯ ಮಾರನೇ ದಿನವೇ ದೊಡ್ಡವ್ವ ಪಕ್ಕದ ಮನೆಯ ಹುಡುಗಿಯಿಂದ ಉಳಿದ ಭಾಗವನ್ನು ಓದಿಸಿಕೊಂಡಳಂತೆ. ವಾರವೆಲ್ಲ ಗೂಡು ಬಿಚ್ಚುತ್ತಾ ಬಾಯಿಪಾಠ ಮಾಡಿದಳಂತೆ. ಒಬ್ಬಳೇ ರಾಮಾಪುರದ ಬಸ್ಸು ಹತ್ತಿ ಹೋಗಿ, ಸಾಮುವೇಲಯ್ಯನವರ ಬಾಗಿಲಲ್ಲಿ ನಿಂತು, ಅಪ್ಪ ಮಗ ಇಬ್ಬರೂ ಕೇಳುವಂತೆ ಅಷ್ಟನ್ನೂ ಹೇಳಿದಳಂತೆ. “ಓದ್ ಬರ್ದೋಳು ನಮ್ಗೆ ವಾಕ್ಯ ಏಳಕ್ ಬಂದ್ಯಾ ಅಂತ ಅಟ್ಟಿದ್ರು. ಒಳಗೆ ನಾ ಕೇಳ್ಸ್ಕಂಡೆ ಅಣ್ಣ. ದೇವ್ರು ನಂಗೆ ಏಟು ತಿನ್ನು ಅಂದಿಲ್ಲ ಅಂತ ಅವತ್ತೇ ಗೊತ್ತಾಗಿದ್ದು. ಇಲ್ದಿದ್ರೆ ಆ ಮನೇಲೇ ಸಾಯ್ತಿದ್ದೆ.”

ಮುಂದಿನ ಮಾತಿಗೆ ಅವಳ ಎಡಗೈ ತಾನಾಗಿಯೇ ಸೆರಗಿನೊಳಗೆ ಸರಿಯಿತು. ಬಲಗೈ ಮಾತ್ರ ಬೆಳಗಿದ್ದ ಪಾತ್ರೆಯನ್ನೇ ಮತ್ತೆ ಬೆಳಗತೊಡಗಿತು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಾಕು ಬಿಡಮ್ಮ, ಹಳೆಯದನ್ನೆಲ್ಲ ಯಾಕೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡೆ.

“ಮುಂದ್ಕೆ ಹೇಳು, ಶೀಲಾ,” ಎಂದೆ.